ಗಿಣ್ಣದ ಹಾಲು ಮೊದಲು ಯಾರದು?

ಕಳೆದ ವರ್ಷ ದೀಪಾವಳಿಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ಒಂದು ಡಬ್ಬಿಯನ್ನು ಕೈಗಿತ್ತು, "ಮಾಮಾ, ದಿನಾ ಮುಂಜಾನೆ ಇದರಾಗಿನ ಒಂದು ಚಮಚ ಪುಡಿ ನೀರಾಗ ಕಲಸಿ ಕುಡೀರಿ. ನೆಗಡಿ, ಕೆಮ್ಮು ನಿಮ್ಮ ಹತ್ರ ಸುಳ್ಯಂಗಿಲ್ಲ" ಎಂದ. ಕನ್ನಡಕ ಏರಿಸಿ ಓದಿದೆ. ಡಬ್ಬಿಯ ಮೇಲೆ ಹಸಿರು ಹುಲ್ಲುಗಾವಲು, ಅದರ ನಡುವೆ ಒಂದು ಕಪ್ಪು-ಬಿಳಿ ಆಕಳು, ಕೆಳಗೆ 'ಕೊಲೊಸ್ಟ್ರಮ್' ಎಂಬ ದಪ್ಪ ಅಕ್ಷರ. ಕೊಲೊಸ್ಟ್ರಮ್ ಎಂದರೆ ಬೇರೇನೂ ಅಲ್ಲ, ನಮ್ಮ ಗಿಣ್ಣದ ಹಾಲು! ಹಳೆ ಮೈಸೂರು ಕಡೆಯವರು ಗಿಣ್ಣು ಎನ್ನುತ್ತಾರೆ, ನಮ್ಮ ಪೂರ್ವಕ್ಕಿರುವ ತೆಲುಗರು ಜುನ್ನು ಎನ್ನುತ್ತಾರೆ, ಮರಾಠಿಗರು ಚೀಕ ಎನ್ನುತ್ತಾರೆ. ಆಕಳು ಈದ ಮೊದಲ ಎರಡು ಮೂರು ದಿನ ಕೆಚ್ಚಲಿನಿಂದ ಬರುವ ಹಳದಿ ಬಣ್ಣದ ಮಂದ ಹಾಲು ಅದು.

ಈ ಬರಹವನ್ನು ನನ್ನ ಅಳಿಯನೂ ಓದುತ್ತಾನೆಂಬುದು ನನಗೆ ಗೊತ್ತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನನ್ನ ತಕರಾರು ಅವನ ಪ್ರೀತಿಯ ಮೇಲಲ್ಲ, ಡಬ್ಬಿಯ ಮೇಲೆ. ಪುಡಿಯನ್ನು ಎಲ್ಲಿ ಒಣಗಿಸಿದರು, ಒಂದು ಚಮಚಕ್ಕೆ ಎಷ್ಟು ಗ್ರಾಂ, ಯಾವ ತಾರೀಖಿನೊಳಗೆ ಮುಗಿಸಬೇಕು, ಇವೆಲ್ಲವೂ ಅದರ ಮೇಲೆ ಅಚ್ಚಾಗಿವೆ. ಆದರೆ ಆ ಹಾಲು ಕೊಟ್ಟ ಆಕಳನ್ನು ಹೇಗೆ ಸಾಕಿದ್ದರು, ಈದ ಎಷ್ಟು ಹೊತ್ತಿಗೆ ಹಿಂಡಿದರು, ಅದರ ಕರುವಿಗೆ ಏನು ಸಿಕ್ಕಿತು ಎಂಬ ಬಗ್ಗೆ ಒಂದಕ್ಷರವಿಲ್ಲ. ಗಿಣ್ಣದ ಗುಣವೆಲ್ಲ ನಿಂತಿರುವುದು ಇವುಗಳ ಮೇಲೆಯೇ. ಪುಡಿ ಮಾಡುವ ಕಾರ್ಖಾನೆ ಆ ಗುಣವನ್ನು ಉಳಿಸಬಲ್ಲದು ಇಲ್ಲವೆ ಕೆಡಿಸಬಲ್ಲದು, ಹುಟ್ಟಿಸಲಾರದು. ಅದು ಹುಟ್ಟುವುದು ಕೊಟ್ಟಿಗೆಯಲ್ಲಿ.

ಅಬ್ಬೆತುಮಕೂರಿನ ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ದೇವಣಿ ತಳಿಯ ಎರಡು ಆಕಳುಗಳೂ ಒಂದು ಎಮ್ಮೆಯೂ ಇದ್ದವು. ಆಕಳು ಈದರೆ ಓಣಿಗೆಲ್ಲ ಹಬ್ಬ. ಮೊದಲ ಪಾಲು ವಿಶ್ವಾರಾಧ್ಯರ ಮಠದ ಕಡೆ ಮುಖ ಮಾಡಿ ದೇವರಿಗೆ ಎತ್ತಿಡುತ್ತಿದ್ದರು. ಆಮೇಲೆ ಬಟ್ಟಲುಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಗಿಣ್ಣವನ್ನು ಯಾರೂ ಮಾರುತ್ತಿರಲಿಲ್ಲ. ಅದನ್ನು ಮಾರಿದರೆ ಕೆಚ್ಚಲು ಬತ್ತುತ್ತದೆಂದು ನಮ್ಮ ಮುತ್ಯಾ ಹೇಳುತ್ತಿದ್ದರು. ಅದು ನಿಜವೋ ಸುಳ್ಳೋ, ಆ ಮಾತಿನ ದೆಸೆಯಿಂದ ಊರಿನ ಗಿಣ್ಣ ಊರಿನಲ್ಲೇ ಉಳಿಯುತ್ತಿತ್ತು.

ಅವ್ವ ಗಿಣ್ಣ ಮಾಡುವುದನ್ನು ನಾನು ಒಲೆಯ ಮುಂದೆ ಕುಳಿತು ನೋಡುತ್ತಿದ್ದೆ. ಮೊದಲ ದಿನದ ಹಾಲಾದರೆ ಒಂದು ಪಾಲಿಗೆ ಎರಡು ಪಾಲು ಬರೀ ಹಾಲು ಬೆರೆಸುತ್ತಿದ್ದಳು. ಬೆರೆಸದಿದ್ದರೆ ಗಿಣ್ಣ ರಬ್ಬರಿನಂತೆ ಬಿರುಸಾಗುತ್ತದೆ. ಎರಡನೆಯ ದಿನದ್ದಕ್ಕೆ ತುಸುವೇ ಹಾಲು ಸಾಕು. ಮೂರನೆಯ ದಿನದ್ದಕ್ಕೆ ಏನೂ ಬೇಡ, ಆದರೂ ಅದು ಸರಿಯಾಗಿ ಕಟ್ಟುತ್ತಿರಲಿಲ್ಲ. ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಪಾತ್ರೆಯನ್ನು ಕುದಿಯುವ ನೀರಿನಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚುತ್ತಿದ್ದಳು. ಎಮ್ಮೆಯ ಗಿಣ್ಣ ಬೆಳ್ಳಗಿರುತ್ತಿತ್ತು, ಆಕಳದ್ದು ಅರಿಸಿನ ಬಿದ್ದಂತೆ. ಇದೇಕೆಂದು ಕೇಳಿದರೆ "ಎಮ್ಮಿ ಕರಿ ಇರ್ತದ, ಅದಕ್ಕ ಹಾಲಿಗೆ ಬಿಳಿ ಬಣ್ಣ ಕೊಟ್ಟಾನ ದೇವರು" ಎಂದು ನಗುತ್ತಿದ್ದಳು. ಹಸಿರು ಮೇವಿನಲ್ಲಿರುವ ಹಳದಿ ಬಣ್ಣದ ಕ್ಯಾರೋಟಿನನ್ನು ಎಮ್ಮೆ ತನ್ನ ದೇಹದಲ್ಲೇ ವಿಟಮಿನ್ ಎ ಆಗಿ ಮಾರ್ಪಡಿಸಿ ಹಾಲಿಗೆ ಬಿಡುತ್ತದೆ, ಆಕಳು ಒಂದಷ್ಟನ್ನು ಹಾಗೆಯೇ ಬಿಡುತ್ತದೆ ಎಂದು ನಾನು ತಿಳಿದದ್ದು ಬಹಳ ವರ್ಷಗಳ ನಂತರ.

ಅವ್ವನ ಅಳತೆ ಎಷ್ಟು ಸರಿಯಾಗಿತ್ತು ಎಂಬುದು ವಿಜ್ಞಾನದ ಶಿಕ್ಷಕನಾದ ಮೇಲೆ ತಿಳಿಯಿತು. ಹೋಲ್‌ಸ್ಟೀನ್ ಆಕಳುಗಳಲ್ಲಿ ಅಳೆದಿರುವ ಲೆಕ್ಕದ ಪ್ರಕಾರ ಮೊದಲ ಹಿಂಡಿಕೆಯಲ್ಲಿ ಪ್ರೋಟೀನು ಸುಮಾರು ನೂರಕ್ಕೆ 14 ಪಾಲು, ಎರಡನೆಯದರಲ್ಲಿ 8ರ ಆಸುಪಾಸು, ಮೂರನೆಯದರಲ್ಲಿ 5. ಸಾಮಾನ್ಯ ಹಾಲಿನಲ್ಲಿ 3ಕ್ಕಿಂತ ತುಸು ಹೆಚ್ಚು. ಬಿಸಿ ತಾಗಿದೊಡನೆ ಗಟ್ಟಿಯಾಗಿ ಕಟ್ಟುವುದು ಈ ಪ್ರೋಟೀನು. ಅದರಲ್ಲಿ ದೊಡ್ಡ ಪಾಲು ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು. ಒಲೆಯ ಮೇಲೆ ಗಿಣ್ಣ ಎಷ್ಟು ಬಿರುಸಾಗುತ್ತದೆ ಎಂಬುದೇ ನಮ್ಮ ತಾಯಂದಿರ ಪರೀಕ್ಷೆ. ಇಂದು ದೊಡ್ಡ ಡೇರಿಗಳಲ್ಲಿ ಬ್ರಿಕ್ಸ್ ಮಾಪಕವೆಂಬ ಕೈಹಿಡಿಯ ಉಪಕರಣದ ಮೇಲೆ ಎರಡು ಹನಿ ಹಾಕಿ ನೋಡುತ್ತಾರೆ. 22 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಒಳ್ಳೆಯ ಗಿಣ್ಣ. ಅದು ಲೀಟರಿಗೆ 50 ಗ್ರಾಂ ಪ್ರತಿಕಾಯಕ್ಕೆ ಸಮವೆಂದು ಲೆಕ್ಕ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಲೆಯ ಮೇಲೆ ಕಟ್ಟಿದ ಗಿಣ್ಣದಲ್ಲಿ ಪ್ರತಿಕಾಯಗಳು ಜೀವಂತವಾಗಿ ಉಳಿದಿರುವುದಿಲ್ಲ. ಅದು ರುಚಿಯಾದ, ಪುಷ್ಟಿಕರವಾದ ಆಹಾರ, ಔಷಧವಲ್ಲ. ಹಾಗೆಂದು ಹಸಿಯಾಗಿ ಕುಡಿಯಲು ಹೋಗಬೇಡಿರಿ. ಬ್ರುಸೆಲ್ಲಾ ರೋಗವಿರುವ ಆಕಳ ಹಸಿ ಹಾಲಿನಿಂದ ಮನುಷ್ಯರಿಗೆ ತಿಂಗಳುಗಟ್ಟಲೆ ಬಿಡದ ಜ್ವರ, ಕೀಲುನೋವು ಬರುತ್ತವೆ. ಕುದಿಸಿ ತಿನ್ನುವ ನಮ್ಮ ಹಿರಿಯರ ಪದ್ಧತಿಯೇ ಸರಿ.

ಇಷ್ಟಾದರೂ ಪ್ರಕೃತಿ ಈ ಪ್ರತಿಕಾಯಗಳನ್ನು ಹಾಲಿನಲ್ಲಿ ತುಂಬಿದ್ದು ನನಗಾಗಿಯೂ ಅಲ್ಲ, ನನ್ನ ಅಳಿಯನಿಗಾಗಿಯೂ ಅಲ್ಲ. ಮನುಷ್ಯರ ಮಗು ಹುಟ್ಟುವ ಮೊದಲೇ ತಾಯಿಯ ರಕ್ತದಿಂದ ಮಾಸಿನ ಮೂಲಕ ಪ್ರತಿಕಾಯಗಳನ್ನು ಪಡೆದು ಬರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಆಕಳ ಮಾಸು ಅವನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ರೋಗದ ವಿಷಯದಲ್ಲಿ ಬರಿಗೈ. ಅದರ ಕರುಳು ಮೊದಲ ಕೆಲವು ಗಂಟೆಗಳಷ್ಟೇ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆರು ಗಂಟೆಯ ನಂತರ ಆ ಬಾಗಿಲು ಮುಚ್ಚತೊಡಗಿ, ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಪೂರ್ತಿ ಮುಚ್ಚಿಹೋಗುತ್ತದೆ. 1922ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಎಂಬ ವಿಜ್ಞಾನಿಗಳು ಕೆಲವು ಕರುಗಳಿಗೆ ಗಿಣ್ಣ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಕುಡಿದವು ಬದುಕಿದವು. ಕುಡಿಯದವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತವು.

ಈ ಪಾಠವನ್ನು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ಸಲ ಕಲಿಸಿದ್ದೇನೋ! ನನ್ನಲ್ಲಿ ಓದಿದವರಿಗೆ ನೆನಪಿರಬಹುದು. ಆದರೆ ನಿಮ್ಮ ಮೇಷ್ಟ್ರು ತಮ್ಮ ಮನೆಯಲ್ಲಿ ಏನು ಮಾಡಿದರೆಂಬುದನ್ನು ನಾನು ತರಗತಿಯಲ್ಲಿ ಎಂದೂ ಹೇಳಲಿಲ್ಲ.

1994ರಲ್ಲಿ ಸಾಲ ತೆಗೆದು ಒಂದು ಜರ್ಸಿ ಮಿಶ್ರತಳಿಯ ಆಕಳನ್ನು ಕೊಂಡಿದ್ದೆ. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಒಂದು ನಸುಕಿನಲ್ಲಿ ಅದು ಈದಿತು. ಹೆಣ್ಣುಕರು, ಹಣೆಯ ಮೇಲೆ ಬಿಳಿ ಬೊಟ್ಟು. ಕರು ತಡವರಿಸಿ ಎದ್ದು ಮೊಲೆ ಹುಡುಕತೊಡಗಿದಾಗ ನೆರೆಯ ಹಿರಿಯರೊಬ್ಬರು, "ಮಾಸ ಬೀಳೋತನ ಕರಕ್ಕ ಹಾಲ ಬಿಡಬ್ಯಾಡ್ರಿ ಗುರುಗಳೆ, ಮಾಸ ಒಳಗೇ ನಿಂತುಬಿಡ್ತದ" ಎಂದು ಕರುವನ್ನು ದೂರ ಕಟ್ಟಿಸಿದರು. ನಾನು ಸುಮ್ಮನಿದ್ದೆ. ಪುಸ್ತಕದಲ್ಲಿದ್ದದ್ದು ಪುಸ್ತಕದಲ್ಲಿ, ಕೊಟ್ಟಿಗೆಯಲ್ಲಿ ಹಿರಿಯರು ಹೇಳಿದ್ದೇ ಸರಿ ಎಂದು ನನ್ನೊಳಗೇ ಯಾರೋ ಅಂದಂತಾಯಿತು. ಮಾಸು ಬಿದ್ದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಬಿದ್ದೊಡನೆ ಮಾಡಿದ ಮೊದಲ ಕೆಲಸವೆಂದರೆ ಗಿಣ್ಣಕ್ಕೆಂದು ಎರಡು ತಂಬಿಗೆ ಹಾಲು ಹಿಂಡಿಕೊಂಡದ್ದು. ಉಳಿದದ್ದನ್ನು ಕರುವಿಗೆ ಬಿಟ್ಟೆವು. ನಾಲ್ಕನೆಯ ದಿನ ಅದಕ್ಕೆ ಬಿಳಿ ಭೇದಿ ಹತ್ತಿತು, ಆರನೆಯ ದಿನ ಸತ್ತಿತು. ಆ ಹೊತ್ತಿಗೆ ಬಟ್ಟಲು ಗಿಣ್ಣ ಓಣಿಯ ಹನ್ನೆರಡು ಮನೆಗಳಿಗೆ ಹೋಗಿ ಬಂದಿತ್ತು.

ಮಾಸು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಯೊಳಗೆ ಬೀಳುತ್ತದೆ. ಅದನ್ನು ಕಾಯುತ್ತ ಕೂತರೆ ಕರುವಿನ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಕರು ಮೊಲೆಯುಂಡರೆ ಗರ್ಭಕೋಶ ಕುಗ್ಗಿ ಮಾಸು ಬೀಳಲು ಅನುಕೂಲವೇ ಹೊರತು ತೊಂದರೆಯಿಲ್ಲವೆಂದು ಪಶುವೈದ್ಯರು ಹೇಳುತ್ತಾರೆ. ಇದು ನಮ್ಮೂರೊಂದರ ತಪ್ಪು ತಿಳಿವಳಿಕೆಯಲ್ಲ. ದೇಶದ ಎಷ್ಟೋ ಕಡೆ ಇಂದಿಗೂ ಇದೆ. ನಮ್ಮ ಮನೆಗಳ ಬಾಣಂತಿಯರ ವಿಷಯದಲ್ಲಿಯೂ ಇದೇ ನಡೆದಿತ್ತಲ್ಲವೆ? ಮೊದಲ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದರು. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿಸಿರೆಂದು ಹೇಳುತ್ತಾರೆ. ಕರುವಿಗೆ ಆ ಮಾತು ಹೇಳುವವರು ಕಡಿಮೆ.

ಇನ್ನು ಡಬ್ಬಿಯ ವಿಷಯ. ಗಿಣ್ಣದ ಗುಣ ಕೂಡುವುದು ಆಕಳು ಈಯುವುದಕ್ಕೆ ಎರಡು ತಿಂಗಳು ಮೊದಲಿನಿಂದ. ಗಬ್ಬದ ಆಕಳ ಹಾಲನ್ನು ಸುಮಾರು ಅರವತ್ತು ದಿನ ಮೊದಲೇ ಬತ್ತಿಸಬೇಕು. ಕೊನೆಯ ವಾರಗಳಲ್ಲಿಯೇ ಅದು ತನ್ನ ರಕ್ತದ ಪ್ರತಿಕಾಯಗಳನ್ನು ಕೆಚ್ಚಲಿಗೆ ಸಾಗಿಸುವುದು. ಲೀಟರು ಹಾಲಿನ ಆಸೆಗೆ ಈಯುವ ತನಕ ಹಿಂಡುತ್ತಲೇ ಹೋದರೆ ಗಿಣ್ಣ ತೆಳ್ಳಗಾಗುತ್ತದೆ. ಆ ದಿನಗಳಲ್ಲಿ ಹಸಿರು ಮೇವು ಕಾಣದ ಆಕಳ ಗಿಣ್ಣದಲ್ಲಿ ವಿಟಮಿನ್ ಎ ಕಡಿಮೆ. ಶಹಾಪುರ, ಸುರಪುರದ ಕಡೆ ನಾರಾಯಣಪುರ ಜಲಾಶಯದ ಕಾಲುವೆ ಬಂದಲ್ಲೆಲ್ಲ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮನುಷ್ಯರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಒಳ್ಳೆಯದೇ. ಆದರೆ ದನಗಳ ಗೋದಲಿಗೆ ಜೋಳದ ಕಣಿಕೆಯ ಬದಲು ಭತ್ತದ ಹುಲ್ಲು ಬಂತು. ಕಣಿಕೆಯ ಕಸುವು ಆ ಹುಲ್ಲಿಗೆ ಎಲ್ಲಿಂದ ಬರಬೇಕು? ಹಿಂಡಿ, ಹತ್ತಿಕಾಳು ಕೊಳ್ಳುವ ಶಕ್ತಿಯಿದ್ದವರು ಅದರ ಕೊರತೆ ತುಂಬುತ್ತಾರೆ. ಇಲ್ಲದವರ ಆಕಳು ಗಬ್ಬದಲ್ಲೇ ಸೊರಗುತ್ತದೆ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಕೊನೆಯ ತಿಂಗಳಲ್ಲಿ ಸೆಕೆಗೆ ಬಳಲಿದ ಆಕಳ ಗಿಣ್ಣ ಸಪ್ಪೆ. ಸಾಲದ್ದಕ್ಕೆ ಅಂಥ ತಾಯಿಯ ಕರುವಿನ ಕರುಳಿಗೆ ಒಳ್ಳೆಯ ಗಿಣ್ಣ ಕೊಟ್ಟರೂ ಹೀರಿಕೊಳ್ಳುವ ಶಕ್ತಿ ಕುಗ್ಗಿರುತ್ತದೆಂದು ಪರೀಕ್ಷೆಗಳು ತೋರಿಸಿವೆ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇನಲ್ಲಿ ತಗಡಿನ ಸೂರಿನ ಕೆಳಗೆ ಕಟ್ಟಿದ ಹೋಲ್‌ಸ್ಟೀನ್ ಆಕಳನ್ನು ನೆನೆಸಿಕೊಳ್ಳಿರಿ. ನನ್ನ ಆ ಜರ್ಸಿಯೂ ತಗಡಿನ ಕೆಳಗೇ ಇತ್ತು. ಬೇವಿನ ನೆರಳು ಹತ್ತು ಹೆಜ್ಜೆಯ ಮೇಲಿತ್ತು.

ಎಲ್ಲಕ್ಕಿಂತ ದೊಡ್ಡದು ಹೊತ್ತಿನ ಪ್ರಶ್ನೆ. ಈದ ಎರಡು ಗಂಟೆಗೆ ಹಿಂಡಿದ ಗಿಣ್ಣಕ್ಕಿಂತ ಆರು ಗಂಟೆಗೆ ಹಿಂಡಿದ್ದರಲ್ಲಿ ಪ್ರತಿಕಾಯಗಳು ಆರನೆಯ ಒಂದು ಪಾಲು ಕಡಿಮೆ. ಹದಿನಾಲ್ಕು ಗಂಟೆ ತಡೆದರೆ ಮೂರನೆಯ ಒಂದು ಪಾಲು ಹೋಯಿತು. ಒಳಗೆ ಹೊಸ ಹಾಲು ಸೇರಿ ಗಿಣ್ಣ ನೀರಾಗುತ್ತ ಹೋಗುತ್ತದೆ. ಹಾಗಾದರೆ ಡಬ್ಬಿಯೊಳಗಿನದು ಮೊದಲ ಹಿಂಡಿಕೆಯದೋ, ಮೂರನೆಯ ದಿನದ್ದೋ? ಮೂರು ದಿನದ್ದನ್ನೂ ಒಂದೇ ತೊಟ್ಟಿಗೆ ಸುರಿದು ಒಣಗಿಸಿದರೂ ಹೆಸರು ಕೊಲೊಸ್ಟ್ರಮ್ ಎಂದೇ. ಕೆಲವು ಕಂಪನಿಗಳು ಇಮ್ಯುನೊಗ್ಲಾಬ್ಯುಲಿನ್ ಶೇಕಡಾ ಇಷ್ಟೆಂದು ಬರೆಯುತ್ತವೆ. ನನ್ನ ಡಬ್ಬಿಯಲ್ಲಿ ಅದೂ ಇರಲಿಲ್ಲ. ಕೈ, ಕೆಚ್ಚಲು, ಪಾತ್ರೆ ಸ್ವಚ್ಛವಿಲ್ಲದೆ ಹಿಂಡಿದ ಗಿಣ್ಣ ನಮ್ಮ ಸೆಕೆಯಲ್ಲಿ ಅರ್ಧ ಗಂಟೆ ನಿಂತರೆ ರೋಗಾಣುಗಳ ತೊಟ್ಟಿ. ಅವನ್ನು ಕೊಲ್ಲಲು ಹೆಚ್ಚು ಕಾಯಿಸಿದರೆ ಪ್ರತಿಕಾಯಗಳೂ ಕೆಡುತ್ತವೆ. 60 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದು ಬಲ್ಲವರು ಕಂಡುಕೊಂಡ ನಡುದಾರಿ. ಹಾಲು ಬತ್ತಿಸುವಾಗ ಕೆಚ್ಚಲುಬಾವು ಬರದಿರಲೆಂದು ಮೊಲೆಯೊಳಗೆ ಏರಿಸುವ ಆಂಟಿಬಯೋಟಿಕ್ ಔಷಧ, ಆಕಳು ಹೇಳಿದ ದಿನಕ್ಕಿಂತ ಮೊದಲೇ ಈದರೆ ಗಿಣ್ಣದಲ್ಲೂ ಉಳಿದಿರಬಹುದು. ಇದನ್ನು ಡಬ್ಬಿಯ ಮೇಲಿನ ನಗುವ ಆಕಳು ಹೇಳುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಆಕಳು ತನ್ನ ಕೊಟ್ಟಿಗೆಯಲ್ಲಿ ಎದುರಿಸಿದ ರೋಗಾಣುಗಳ ವಿರುದ್ಧವೇ ಪ್ರತಿಕಾಯ ತಯಾರಿಸುವುದು, ಅಥವಾ ಅದಕ್ಕೆ ಹಾಕಿದ ಲಸಿಕೆಯ ವಿರುದ್ಧ. ಕಾಲುಬಾಯಿ ರೋಗದ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡ ತಾಯಿಯ ಗಿಣ್ಣ ಕರುವನ್ನೂ ಕೆಲಕಾಲ ಆ ರೋಗದಿಂದ ಕಾಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಬ್ರುಸೆಲ್ಲಾ ರೋಗಗಳ ವಿರುದ್ಧ ರಾಷ್ಟ್ರಮಟ್ಟದ ಲಸಿಕೆ ಕಾರ್ಯಕ್ರಮ ಆರಂಭಿಸಿತು. ಇಂಥ ಕೆಲಸಗಳಿಂದ ಗಿಣ್ಣದ ಗುಣಕ್ಕೆ ಆಗುವ ಉಪಕಾರ ಯಾವ ಜಾಹೀರಾತಿನಿಂದಲೂ ಆಗದು. ಆಸ್ಟ್ರೇಲಿಯಾದಲ್ಲಿ ಪ್ರವಾಸಿಗರ ಭೇದಿಗೆ ಕಾರಣವಾಗುವ ರೋಗಾಣುವಿನ ಲಸಿಕೆಯನ್ನು ಆಕಳುಗಳಿಗೆ ಹಾಕಿ, ಆ ಗಿಣ್ಣದಿಂದ ಮಾತ್ರೆ ತಯಾರಿಸುತ್ತಾರೆ. ಅಲ್ಲಿ ಕೊಟ್ಟಿಗೆಯಿಂದ ಮಾತ್ರೆಯ ತನಕ ಲೆಕ್ಕವಿದೆ. ಯಾವುದೋ ದೇಶದ ಹುಲ್ಲುಗಾವಲಿನ ಗಿಣ್ಣ ಯಾದಗಿರಿಯ ನೆಗಡಿಯನ್ನು ಏಕೆ ತಡೆಯಬೇಕು ಎಂಬುದಕ್ಕೆ ಯಾವ ಲೆಕ್ಕವಿದೆ? ಕ್ರೀಡಾಪಟುಗಳ ಮೇಲೆ, ಭೇದಿಯ ರೋಗಿಗಳ ಮೇಲೆ ಕೆಲವು ಪ್ರಯೋಗಗಳು ನಡೆದಿವೆ. ಫಲ ಒಮ್ಮೆ ಹೀಗೆ, ಒಮ್ಮೆ ಹಾಗೆ. ದೊಡ್ಡವರ ಹೊಟ್ಟೆ ಪ್ರತಿಕಾಯಗಳಲ್ಲಿ ಬಹುಪಾಲನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. (ನಮ್ಮ ಶಾಲೆಯಿಂದ ಹೋಗಿ ಈಗ ಓಟದ ಸ್ಪರ್ಧೆಗಳಲ್ಲಿ ಭಾಗವಹಿಸುವವರು ಇದನ್ನು ಓದುತ್ತಿದ್ದರೆ: ಗಿಣ್ಣದಲ್ಲಿ ಐಜಿಎಫ್-1 ಎಂಬ ನಿಷೇಧಿತ ಅಂಶವಿರುವುದರಿಂದ ಅದನ್ನು ಸೇವಿಸದಿರುವುದು ಒಳ್ಳೆಯದೆಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯೇ ಹೇಳಿದೆ.)

ಮೇಷ್ಟ್ರ ಚಟ, ಲೆಕ್ಕ ಮಾಡದಿದ್ದರೆ ನಿದ್ದೆ ಬಾರದು. ಮೊದಲ ಹಿಂಡಿಕೆಯ ಗಿಣ್ಣದಲ್ಲಿ ನೀರಲ್ಲದ ಅಂಶ ನೂರಕ್ಕೆ 24. ಕೊಬ್ಬು ತೆಗೆದರೆ 17. ಅಂದರೆ ಒಂದು ಕಿಲೋ ಪುಡಿಗೆ ಸುಮಾರು ಆರು ಲೀಟರು ಗಿಣ್ಣ ಬೇಕು. ಕರುವಿಗೆ ಮೊದಲ ಎರಡು ಮೂರು ಗಂಟೆಯೊಳಗೆ ಅದರ ತೂಕದ ಹತ್ತನೆಯ ಒಂದು ಪಾಲು ಕುಡಿಸಬೇಕೆನ್ನುತ್ತಾರೆ. 25 ಕಿಲೋ ಕರುವಿಗೆ ಎರಡೂವರೆ ಲೀಟರು. ಒಂದು ಕಿಲೋ ಪುಡಿ ಎರಡು ಕರುಗಳ ಪಾಲಿಗಿಂತ ಹೆಚ್ಚು. ವಿದೇಶದ ದೊಡ್ಡ ಡೇರಿಗಳಲ್ಲಿ ಆಕಳು ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚು ಗಿಣ್ಣ ಕೊಡುತ್ತದೆ, ಮಿಕ್ಕದ್ದು ಪುಡಿಯಾಗುತ್ತದೆ, ಸರಿ. ಆದರೆ ಪ್ರಮಾಣ ಹೆಚ್ಚಿದಷ್ಟೂ ಗಿಣ್ಣ ತೆಳು ಎಂಬುದೂ ಅಷ್ಟೇ ನಿಜ. ದಿನಕ್ಕೆ ಮೂರು ಲೀಟರು ಕೊಡುವ ನಮ್ಮ ದೇವಣಿಗೆ 'ಮಿಕ್ಕದ್ದು' ಎಂಬುದು ಎಲ್ಲಿದೆ?

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಒದಗಿತು. ಹೋಲ್‌ಸ್ಟೀನ್ ಮಿಶ್ರತಳಿಯ ನಾಲ್ಕು ಆಕಳು ಕಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಕ್ರಾಂತಿಯ ಹೊತ್ತಿಗೆ ಫೋನು ಮಾಡಿದ್ದ. "ಸರ್, ಹೈದರಾಬಾದಿಗೆ ಜುನ್ನು ಕಳಸೋರು ಬಂದಾರ. ಮೊದಲನೇ ದಿನದ ಹಾಲಿಗೆ ಡೇರಿ ರೇಟಿನ ಮೂರು ಪಟ್ಟು ಕೊಡ್ತೀವಂತಾರ. ಕೊಡ್ಲೇನ್ರಿ?" ಡೇರಿಯಲ್ಲಿ ಆ ಹಾಲಿಗೆ ಬೆಲೆಯೇ ಇಲ್ಲ. ಮಾರುವ ಹಾಲಿನಲ್ಲಿ ಗಿಣ್ಣ ಇರಕೂಡದೆಂದು 2011ರ ಆಹಾರ ಸುರಕ್ಷತಾ ನಿಯಮಗಳು ಹಾಲಿನ ವ್ಯಾಖ್ಯೆಯಲ್ಲಿಯೇ ಹೇಳುತ್ತವೆ; ಅದು ಬೆರೆತರೆ ಕಾಯಿಸುವಾಗ ಹಾಲು ಒಡೆಯುತ್ತದೆ, ಆದ್ದರಿಂದ ನಿಯಮ ಸರಿಯೇ. ಆದರೆ ಡೇರಿ ಬೇಡವೆಂದ ಹಾಲಿಗೆ ಬೇರೊಬ್ಬ ಮೂರು ಪಟ್ಟು ಕೊಡುತ್ತೇನೆಂದರೆ ಸಾಲವಿರುವ ರೈತ ಏನು ಮಾಡಬೇಕು? ಕರುವಿನ ಹಕ್ಕಿನ ಮಾತನ್ನು ಪಿಂಚಣಿ ಬರುವ ನಾನು ಹೇಳುವುದು ಸುಲಭ.

ನಾನು ಅವನಿಗೆ ಕೊಡಬೇಡವೆನ್ನಲಿಲ್ಲ. ಈದ ಎರಡು ಗಂಟೆಯೊಳಗೆ, ಮಾಸು ಬೀಳಲಿ ಬಿಡಲಿ, ಸ್ವಚ್ಛ ಕೈಯಿಂದ ಹಿಂಡಿ ಅಳೆದು ಎರಡೂವರೆ ಮೂರು ಲೀಟರು ಕರುವಿಗೆ ಕುಡಿಸು. ರಾತ್ರಿ ಮತ್ತೊಮ್ಮೆ ಅಷ್ಟೇ ಕುಡಿಸು. ಆಮೇಲೆ ಉಳಿದದ್ದನ್ನು ಮಾರಿಕೋ, ಹೆಣ್ಣುಕರುವಾಗಲಿ ಹೋರಿಯಾಗಲಿ ಲೆಕ್ಕ ಒಂದೇ ಎಂದೆ. ಈ ಹೋರಿಗರುಗಳ ವಿಷಯ ಬೇರೆಯೇ ಒಂದು ದೊಡ್ಡ ಪಾಪದ ಕತೆ, ಇನ್ನೊಮ್ಮೆ ಬರೆಯುತ್ತೇನೆ. ಗಬ್ಬದ ಆಕಳನ್ನು ಬೇಸಗೆಯಲ್ಲಿ ತಗಡಿನಿಂದ ಹೊರಗೆ, ಮರದ ಕೆಳಗೆ ಕಟ್ಟೆಂದೂ ಹೇಳಿದೆ.

ಡಬ್ಬಿ ಕಪಾಟಿನಲ್ಲಿದೆ. ಅಳಿಯ ಕೇಳಿದರೆ ಅರ್ಧ ಮುಗಿದಿದೆ ಎನ್ನುತ್ತೇನೆ. ನಿಜಕ್ಕೂ ಮೂರು ಚಮಚ ತೆಗೆದಿದ್ದೇನೆ, ಕುತೂಹಲಕ್ಕೆ. ಅದರಲ್ಲಿ ಒಂದನ್ನು ಹಾಲಿನಲ್ಲಿ ಕದಡಿ ಅವ್ವನಂತೆ ಕುದಿಯುವ ನೀರಿನಲ್ಲಿಟ್ಟು ನೋಡಿದೆ, ಕಟ್ಟಲಿಲ್ಲ. ಒಂದು ಚಮಚದ ಪ್ರಯೋಗ ಯಾವುದಕ್ಕೂ ಪುರಾವೆಯಲ್ಲ ಬಿಡಿ.

ಹೋದ ತಿಂಗಳು ಆ ವಿದ್ಯಾರ್ಥಿಯ ಆಕಳು ನಸುಕಿನ ಮೂರಕ್ಕೆ ಈದಿತಂತೆ. ನಾಲ್ಕೂವರೆಗೆಲ್ಲ ಕರು ಹೊಟ್ಟೆತುಂಬ ಕುಡಿದು ಮಲಗಿತ್ತು. ಮಾಸು ಬಿದ್ದದ್ದು ಹನ್ನೊಂದಕ್ಕೆ. ಮೂರನೆಯ ದಿನ ಅವನ ಹೆಂಡತಿ ನಮಗೂ ಒಂದು ಡಬರಿ ಗಿಣ್ಣ ಕಳಿಸಿದ್ದಳು. ಬೆಲ್ಲ, ಏಲಕ್ಕಿ ಹದವಾಗಿತ್ತು. ಆದರೆ ಕಟ್ಟಿರಲಿಲ್ಲ; ಪಾಯಸದಂತೆ ಕುಡಿಯಬೇಕಾಯಿತು.